ಯೆಜ್ಡಿಗೆ ಹೊಸ ಬಣ್ಣ ಅಕ್ಕು, ಸೀರೆ ಗಾರ್ಡು ತೆಗವಲಾಗ

ಹಳೇ ಬೈಕಿನ ಹೊಸತ್ತು ಮಾಡುವ ಮರುಳು ಈಗ ನಮ್ಮ ನಾರಾವಿ ಹೊಡೆಂಗೂ ಬೈಂದು. ಅಕ್ಕಂದ್ರೇ, ಮನೆಲಿ ಪ್ರಾಯದ ಮಾಣಿಯಂಗೊ ಇದ್ದರೆ ನಿಂಗೊಗೂ ಗೊಂತಿಕ್ಕು. ಅಡಕ್ಕೆ ಸೊಲಿವ ಶೆಡ್ಡಿನ ಅರ್ಧ ಜಾಗೆ ಹೋತು, ಹಳೇ ಬೈರಾಸು ಹೋತು, ಪಾತ್ರೆ ತಿಕ್ಕುವ ಬ್ರಶ್ಶೂ ಹೋತು. ಎಂಗಳಲ್ಲಿ ಮೈದುನನ ಮಗ° ಕಳುದ ದೀಪಾವಳಿಂದ ಮಾವನ 1984ರ ಯೆಜ್ಡಿ ರೋಡ್‌ಕಿಂಗಿನ ಬಿಚ್ಚಿ ಹರಗಿದ್ದ°. ಎನಗೆ ಅದರ ಬಗ್ಗೆ ಬೇಜಾರಿಲ್ಲೆ. ಗುಜರಿಗೆ ಕೊಡುದಕ್ಕಿಂತ ಸಾವಿರ ಪಾಲು ಲಾಯ್ಕ. ಎನ್ನ ತಕರಾರು ಒಂದೇ. ಹಿಂದಾಣ ಚಕ್ರದ ಎಡದ ಹೊಡೆಲಿಪ್ಪ ಸೀರೆ ಗಾರ್ಡಿನ ತೆಗದು ಮೂಲೆಗೆ ಇಡ್ಕಿದ್ದ°. "ಅದಿದ್ದರೆ ಲುಕ್ಕಿಲ್ಲೆ ದೊಡ್ಡಮ್ಮಾ, ಒರಿಜಿನಲ್ ಕಾಣ್ತಿಲ್ಲೆ" ಹೇಳ್ತ°.

ಒರಿಜಿನಲ್ ಹೇಳಿರೆ ಎಂತರ? ಯೆಜ್ಡಿ ಹುಟ್ಟಿದ್ದು ನಮ್ಮ ಮೈಸೂರಿಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯ 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟನೆ ಮಾಡಿದ್ದು. ಅದರ ನಡೆಶಿದ್ದು ರುಸ್ತಂ ಇರಾನಿ ಹೇಳ್ತ ಪಾರ್ಸಿಯವು. ಸುರುವಿಂಗೆ ಚೆಕೊಸ್ಲೊವಾಕಿಯದ ಜಾವಾದ ಹೆಸರಿಲ್ಲೇ ಮಾಡಿಂಡಿತ್ತಿದ್ದವು. ಜಾವಾ ಹೇಳಿರೆ ದ್ವೀಪದ ಹೆಸರಲ್ಲ ಮಿನಿಯಾ, ಜಾನೆಚೆಕ್ ಹೇಳ್ತ ಮನುಷ್ಯನ 'ಜಾ', ವಾಂಡರರ್ ಹೇಳ್ತ ಕಂಪೆನಿಯ 'ವಾ'. 1973ರಿಂದ ಮತ್ತೆ ಯೆಜ್ಡಿ ಹೇಳಿ ಆತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತ್ತು. ಚೆಕ್ ದೇಶದ ಹೆಮ್ಮಕ್ಕೊ ಸೀರೆ ಸುತ್ತುತ್ತವಿಲ್ಲೆ, ಅಲ್ಲಿಯಾಣ ಬೈಕಿಂಗೆ ಗಾರ್ಡು ಬೇಡದಿಕ್ಕು. ಇಲ್ಲಿಯಾಣದ್ದಕ್ಕೆ ಬೇಕು. ಮಾವ° ಶೋರೂಮಿಂದ ಮನೆಗೆ ತಪ್ಪಗಳೇ ಗಾರ್ಡು ಇತ್ತು. ಅಂಬಗ ಅದರ ತೆಗದರೆ ಒರಿಜಿನಲ್ ಅಪ್ಪದು ಹೇಂಗೆ?

ಕಿಕ್ಕರೂ ಗೇರೂ ಒಂದೇ ಲಿವರು, ಅದರ ಹಾಂಗೇ ಒಳುಶೆಕ್ಕು ಹೇಳಿ ಮಾಣಿಗೆ ಹಠ. ಎರಡು ಸೈಲೆನ್ಸರಿಂಗೆ ಕ್ರೋಮು ಹಾಕ್ಸುಲೆ ಬೆಂಗ್ಳೂರಿಂಗೆ ಹೋಯಿದ°. ಜೆ.ಸಿ. ರೋಡಿಲ್ಲಿ ಎರಡು ದಿನ ತಿರುಗಿ ಒಂದು ಸಣ್ಣ ರಬ್ಬರು ಹುಡ್ಕಿ ತೈಂದ°. ಬಿಡುಸಿದವನ ಸುಖಕ್ಕೆ ಬೇಕಾದ್ದೆಲ್ಲ ಒರಿಜಿನಲ್. ಹಿಂದೆ ಕೂದವರ ಜೀವ ಒಳುಶುವ ನಾಲ್ಕು ಸರಳು ಮಾತ್ರ ಅಲಂಕಾರಕ್ಕೆ ಅಡ್ಡ! ಆ ಬೈಕಿನ ಹಿಂದಾಣ ಸೀಟಿಲ್ಲಿ ಎಂಗಳ ಅತ್ತೆ ಎರಡೂ ಕಾಲು ಒಂದೇ ಹೊಡೆಂಗೆ ಹಾಕಿ, ಮಡಿಲಿಲ್ಲಿ ಮಗು, ಕೈಲಿ ಹಣ್ಣುಕಾಯಿ ಚೀಲ ಹಿಡ್ಕೊಂಡು ಸೂರ್ಯನಾರಾಯಣ ದೇವಸ್ಥಾನಕ್ಕೂ ಹೋಯಿದವು, ಮಳೆಗಾಲಲ್ಲಿ ಕಾರ್ಕಳದ ಡಾಕ್ಟ್ರಲ್ಲಿಗೂ ಹೋಯಿದವು. ಸೆರಗು ಹಾರದ್ದ ಹಾಂಗೆ ಸೊಂಟಕ್ಕೆ ಸಿಕ್ಕುಸಿರೂ ಗುಂಡಿಲಿ ಬೈಕು ಹಾರುವಗ ಅದು ಜಾರುಗು. ಜಾರಿದ ಸೆರಗು ಚಕ್ರಕ್ಕೆ ಹೋಗದ್ದು ಆ ಸರಳಿಂದ.

ಇದು ಎನ್ನ ಹಳೇ ಕಾಲದ ಹೆದರಿಕೆ ಹೇಳಿ ಗ್ರೇಶೆಡಿ. ನೆರೆಕರೆಯ ಕಾಲೇಜಿನ ಕೂಸೊಂದು ಕಳುದೊರಿಶ ಅಣ್ಣನ ಬೈಕಿಲ್ಲಿ ಹೋಪಗ ಚೂಡಿದಾರದ ಶಾಲು ಹಿಂದಾಣ ಚಕ್ರಕ್ಕೆ ಸುತ್ತಿತ್ತು. ಚಡವು ಹತ್ತುವ ಜಾಗೆ, ಬೈಕು ಮೆಲ್ಲಂಗೆ ಇತ್ತು, ಹಾಂಗಾಗಿ ಕೂಸು ಒಳುದ್ದು. ಕೊರಳಿನ ಕೆಂಪು ಗೆರೆ ಮಾಸೆಕ್ಕಾರೆ ಎರಡು ತಿಂಗಳು ಬೇಕಾತು. ಇಸಡೋರಾ ಡಂಕನ್ ಹೇಳ್ತ ಲೋಕಪ್ರಸಿದ್ಧ ನಾಟ್ಯಗಾರ್ತಿ 1927ರಲ್ಲಿ ಫ್ರಾನ್ಸಿನ ನೀಸ್ ಪೇಟೆಲಿ ತೀರಿಹೋದ್ದೂ ಹೀಂಗೇ, ಉದ್ದದ ಶಾಲು ಕಾರಿನ ಚಕ್ರಕ್ಕೆ ಸಿಕ್ಕಿ.

ಕಾನೂನೂ ನಮ್ಮ ಹೊಡೆಂಗೇ ಇದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಂಬ್ರಲ್ಲಿ ಹಿಂದೆ ಕೂಪವಕ್ಕೆ ಹಿಡ್ಕೊಂಬಲೆ ಗಟ್ಟಿ ಹಿಡಿ, ಕಾಲು ಮಡಗುಲೆ ಜಾಗೆ, ವಸ್ತ್ರ ಸಿಕ್ಕದ್ದ ಹಾಂಗೆ ಹಿಂದಾಣ ಚಕ್ರದ ಅರ್ಧವಾದರೂ ಮುಚ್ಚುವ ರಕ್ಷಣೆ, ಈ ಮೂರೂ ಇರೆಕ್ಕು ಹೇಳಿ ಇದ್ದು. ಮಾಣಿ ಅದಕ್ಕೊಂದು ಉತ್ತರ ಹುಡ್ಕಿದ°, "ಇದು ವಿಂಟೇಜ್ ಅಲ್ಲದೋ" ಹೇಳಿ. ಅಲ್ಲ. 2021ರಲ್ಲಿ ಬಂದ ನಿಯಮ ಪ್ರಕಾರ ವಿಂಟೇಜ್ ಹೇಳಿ ರಿಜಿಸ್ಟ್ರಿ ಮಾಡೆಕ್ಕಾರೆ ಗಾಡಿಗೆ 50 ವರ್ಷ ಕಳಿಯೆಕ್ಕು. 1984ರದ್ದಕ್ಕೆ 2034 ಬರೆಕ್ಕಷ್ಟೆ. ಹಾಂಗೆ ರಿಜಿಸ್ಟ್ರಿ ಆದ ಗಾಡಿಯ ದಿನನಿತ್ಯ ಓಡುಸುಲೂ ಇಲ್ಲೆ, ಪ್ರದರ್ಶನಕ್ಕೋ ರ‍್ಯಾಲಿಗೋ ಮಾತ್ರ. ಇವ° ಗ್ರೇಶಿಂಡಿಪ್ಪದು ಹೆಂಡತ್ತಿಯ ಕೂರ್ಸಿಂಡು ಊರು ತಿರುಗುಲೆ. ಅಂಬಗ ಗಾರ್ಡು ಬೇಡದೋ?

ಎಡೆಲಿ ಇನ್ನೊಂದು ಮಾತು. ಹಳೇ ಬಣ್ಣಲ್ಲಿ ಸೀಸ ಇಕ್ಕು. ಅದರ ಒಣಗಿದ ಹಾಂಗೇ ಉಜ್ಜಿರೆ ಧೂಳು ಮಕ್ಕಳ ಹೊಟ್ಟಗೆ ಹೋಕು. ನೀರು ಹಾಕಿ ಉಜ್ಜುಲೆ ಹೇಳಿ, ಹಪ್ಪಳ ಒಣಗ್ಸಿದ ಜಾಲಿಂದ ದೂರ. ಪೆಟ್ರೋಲಿಲ್ಲಿ ಕಾರ್ಬುರೇಟರು ತೊಳವ ಕೆಲಸ ಬೆಶಿನೀರ ಕೊಟ್ಟಗೆಯ ಹತ್ತರೆ ಬೇಡವೇ ಬೇಡ.

ಗಾರ್ಡಿಂಗೆ ಕ್ರೋಮು ಹಾಕ್ಸುವ ಪೈಸೆ ಆನು ಕೊಡ್ತೆ ಹೇಳಿದ್ದೆ, ಹಪ್ಪಳ ಮಾರಿದ ಪೈಸೆ ಇದ್ದು. ಗಾರ್ಡಿಲ್ಲದ್ದ ಬೈಕಿಲ್ಲಿ ಆನು ಕೂರೆ ಹೇಳಿಯೂ ಹೇಳಿದ್ದೆ. ಇದರ ಕೇಳಿ ಅತ್ತೆಯೂ "ಆನೂ ಕೂರೆ" ಹೇಳಿದವು, ಅವಕ್ಕೆ ಈಗ ಎಂಬತ್ತು ಕಳುದತ್ತು! ಮಾಣಿ ನೆಗೆಮಾಡಿದ°, ಆದರೆ ಮೂಲೆಲಿದ್ದದರ ಹೆರ ತಂದು ತುಕ್ಕು ಉಜ್ಜಿ ಮಡಗಿದ್ದ°. ಕೆಳಾಣ ಕ್ಲಾಂಪು ಮಾತ್ರ ತುಂಡಾಯಿದು. ನಿಂಗಳ ಆರಾರ ಅಟ್ಟಲ್ಲಿ ಹಳೇ ಯೆಜ್ಡಿಯ ಗಾರ್ಡು ಇದ್ದರೆ ಗುಜರಿಯವಂಗೆ ಕೊಡೆಡಿ, ಎನಗೊಂದು ಫೋನು ಮಾಡಿ.