ತಾಳಮದ್ದಳೆಗೆ ಬೇಡಿಕೆಯಿಲ್ಲವಂತೆ!

ನಮ್ಮ ಸಂಘದ ಜಾಲತಾಣವನ್ನು ಗೂಗಲ್‌ನ ಮೊದಲ ಪುಟಕ್ಕೆ ತರುವುದಾಗಿ ಹೇಳಿಕೊಂಡು ಬಂದ ಸಲಹೆಗಾರರೊಬ್ಬರು ಕಾರ್ಯಕಾರಿ ಸಮಿತಿಗೆ ಪಟ್ಟಿಯೊಂದನ್ನು ಒಪ್ಪಿಸಿದ್ದಾರೆ. ‘ಕೀವರ್ಡ್ ಸಂಶೋಧನೆ’ ಎಂಬುದು ಅದರ ಶಿರೋನಾಮೆ. (ಶಾಸನದ ಕಲ್ಲುಗಳ ಮುಂದೆ ಬಿಸಿಲಿನಲ್ಲಿ ಕುಳಿತು ಆಯುಷ್ಯ ಸವೆಸಿದವರ ಕೆಲಸಕ್ಕೂ ನಾವು ಇದೇ ಹೆಸರನ್ನು ಬಳಸುತ್ತೇವೆ; ಇರಲಿ.) ಅದರ ಪ್ರಕಾರ ‘ತಾಳಮದ್ದಳೆ’, ‘ದತ್ತಿ ಉಪನ್ಯಾಸ’ ಎಂಬ ಪದಗಳನ್ನು ಹುಡುಕುವವರೇ ಇಲ್ಲ, ಆದ್ದರಿಂದ ಶೀರ್ಷಿಕೆಗಳಿಂದ ಅವನ್ನು ಕಿತ್ತು ‘ಕಲ್ಚರಲ್ ಈವೆಂಟ್’ ಎಂದು ಬರೆಯಬೇಕು. ಸಮಿತಿಯ ಕೆಲವು ಹಿರಿಯರು ಇದಕ್ಕೆ ತಲೆದೂಗಿರುವುದರಿಂದಲೇ ನಾನಿದನ್ನು ಬರೆಯಬೇಕಾಗಿದೆ.

ಈ ಸಂಖ್ಯೆಗಳು ಬಂದದ್ದು ಗೂಗಲ್ ಕೀವರ್ಡ್ ಪ್ಲ್ಯಾನರ್‌ನಿಂದ. 2013ರಲ್ಲಿ ಬಳಕೆಗೆ ಬಂದ ಅದು ಜಾಹೀರಾತುದಾರರಿಗಾಗಿ ರೂಪಿಸಿದ ಸಾಧನವೇ ಹೊರತು ಓದುಗರ ಜನಗಣತಿಯಲ್ಲ. ಅದರ ‘ಸ್ಪರ್ಧೆ’ ಎಂಬ ಕಾಲಮು ಹೇಳುವುದು ಒಂದು ಪದಕ್ಕೆ ಜಾಹೀರಾತುದಾರರು ಎಷ್ಟರಮಟ್ಟಿಗೆ ಮುಗಿಬಿದ್ದಿದ್ದಾರೆ ಎಂಬುದನ್ನು. ಆ ವಿಷಯದ ಮೇಲೆ ಎಷ್ಟು ಒಳ್ಳೆಯ ಲೇಖನಗಳಿವೆ ಎಂಬುದನ್ನಲ್ಲ. ಜಾಹೀರಾತಿಗೆ ಹಣ ಸುರಿಯದವರಿಗೆ ಸಾಮಾನ್ಯವಾಗಿ ನಿಖರ ಸಂಖ್ಯೆಯೂ ದೊರೆಯದು. ತಿಂಗಳಿಗೆ 10ರಿಂದ 100, 100ರಿಂದ 1,000 ಎಂಬಂಥ ಅಂದಾಜಷ್ಟೇ ಅವರ ಪಾಲಿಗೆ.

ಇನ್ನು ಕನ್ನಡದ ಸ್ವಭಾವ. ತಾಳಮದ್ದಳೆ, ತಾಳಮದ್ದಳೆಯ, ತಾಳಮದ್ದಳೆಗೆ, ತಾಳಮದ್ದಳೆಯಲ್ಲಿ ಎಂದು ವಿಭಕ್ತಿ ವಿಭಕ್ತಿಗೂ ರೂಪ ತಾಳುವ ಪದವಿದು. ಕೆಲವರ ಬರಹದಲ್ಲಿ ಅದು ‘ತಾಳಮದ್ದಲೆ’. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅದನ್ನು ರೋಮನ್ ಲಿಪಿಯಲ್ಲಿ ತಮಗೆ ತೋಚಿದಂತೆ ಬರೆಯುತ್ತಾರೆ. ಪಟ್ಟಿ ತೂಗಿರುವುದು ಮೊದಲ ರೂಪವೊಂದನ್ನೇ! ಅದೇ ಪಟ್ಟಿ ‘ಹೊರನಾಡು’ ಎಂಬ ಪದಕ್ಕೆ ಭಾರೀ ಬೇಡಿಕೆಯಿದೆಯೆಂದು ಅದನ್ನು ಎಲ್ಲೆಡೆ ಬಳಸಲು ಸೂಚಿಸಿದೆ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟ ಭಕ್ತರು ಬಸ್ಸಿನ ವೇಳೆಯನ್ನು ಹುಡುಕುತ್ತ ನಮ್ಮ ಕವಿಗೋಷ್ಠಿಯ ವರದಿಗೆ ಬಂದಿಳಿದರೆ ಅವರಿಗೇನು ಲಾಭ, ನಮಗೇನು ಲಾಭ?

ಓದುಗರು ಏನನ್ನು ಕೇಳುತ್ತಿದ್ದಾರೆಂದು ತಿಳಿಯಬಾರದೆಂಬುದು ನನ್ನ ವಾದವಲ್ಲ. ‘ಪ್ರಜಾವಾಣಿ’ಯಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ವರ್ಷಗಟ್ಟಲೆ ನಡೆದದ್ದೇ ಓದುಗರ ಪ್ರಶ್ನೆಗಳ ಮೇಲೆ. ಅವರು ಕೇಳಿದವರಿಗೆ ಪದದ ಅರ್ಥ ತಿಳಿಸಿದರು. ಕೇಳುವವರು ಕಡಿಮೆಯೆಂದು ಪದವನ್ನೇ ಕೈಬಿಡಿರೆನ್ನಲಿಲ್ಲ. ಪುಟದ ಮರೆಯಲ್ಲಿ ಕೀವರ್ಡ್‌ಗಳನ್ನು ತುಂಬಬೇಕೆಂಬ ಸಲಹೆಯಂತೂ ತಂಗಳು. ಕೀವರ್ಡ್ ಟ್ಯಾಗನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಸಾರಿದೆ.

ನಮ್ಮ ತಾಣ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ ಬೇರೆಯೇ ಇದೆ. ಹಳೆಯ ಸಂಚಿಕೆಗಳೆಲ್ಲ ಶ್ರೀಲಿಪಿಯಲ್ಲಿ ಜೋಡಿಸಿದವು; ಅವುಗಳ ಪಿಡಿಎಫ್ ಪ್ರತಿಗಳೇ ತಾಣದಲ್ಲಿರುವುದು. ಆ ಫಾಂಟುಗಳ ಒಳಗಿನ ಸಂಕೇತ ಯೂನಿಕೋಡ್ ಅಲ್ಲ. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಶೋಧಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆಮಂತ್ರಣ ಪತ್ರಿಕೆಗಳೋ ಬರಿಯ ಚಿತ್ರಗಳು. ಅರ್ಥಧಾರಿಗಳ ಸಂದರ್ಶನಗಳು, ಪ್ರಸಂಗ ವಿಮರ್ಶೆಗಳು ಈ ಸಂಚಿಕೆಗಳಲ್ಲಿ ರಾಶಿ ಬಿದ್ದಿವೆ. ‘ತಾಳಮದ್ದಳೆ’ ಎಂದು ಸರಿಯಾಗಿಯೇ ಬರೆದು ಹುಡುಕಿದವನಿಗೂ ಅವು ಸಿಗುತ್ತಿಲ್ಲ. ಹೀಗಿರುವಾಗ ಬೇಡಿಕೆಯ ಮಾತೆಲ್ಲಿಂದ ಬಂತು?

ಸಲಹೆಗಾರರಿಗೆ ಮೀಸಲಿಟ್ಟ ಹಣದಿಂದ ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಕನ್ನಡ ಬಲ್ಲವರಿಂದ ಕರಡು ತಿದ್ದಿಸಬೇಕೆಂಬ ನಿರ್ಣಯವನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಲಿದ್ದೇನೆ. ಅನುಮೋದಿಸಲು ಸಿದ್ಧರಿರುವ ಸದಸ್ಯರು ಸಭೆಗೆ ಮೊದಲೇ ನನಗೆ ತಿಳಿಸಬೇಕಾಗಿ ವಿನಂತಿ.