ಗಣಕಯಂತ್ರದ ಪೂರ್ಣ ಪ್ರತಿ: ನಮ್ಮ ವರ್ತಕರಿಗೆ ಯಾವ ಮಾರ್ಗ ಸೂಕ್ತ?

ಸದಸ್ಯ ಬಾಂಧವರು ಈ ಲೇಖನವನ್ನು ಓದುವ ಮೊದಲು ತಮ್ಮ ಲೆಕ್ಕದ ಗುಮಾಸ್ತರನ್ನು ಕರೆದು, ನಮ್ಮ ಬ್ಯಾಕಪ್ ಎಲ್ಲಿದೆ ಎಂದು ಒಮ್ಮೆ ವಿಚಾರಿಸಬೇಕೆಂದು ವಿನಂತಿ. "ಡಿ ಡ್ರೈವ್‌ನಲ್ಲಿದೆ" ಎಂಬುದೇ ನಾನು ಅತಿ ಹೆಚ್ಚು ಬಾರಿ ಕೇಳಿರುವ ಉತ್ತರ. ಸಿ ಮತ್ತು ಡಿ ಎಂಬವು ಬಹಳಷ್ಟು ಯಂತ್ರಗಳಲ್ಲಿ ಒಂದೇ ಡಿಸ್ಕಿನ ಎರಡು ಭಾಗಗಳು. ಒಂದೇ ತಿಜೋರಿಯ ಎರಡು ಖಾನೆಗಳಲ್ಲಿ ಹಣವನ್ನಿಟ್ಟು, ತಿಜೋರಿಯೇ ಕಳುವಾದರೂ ಒಂದು ಖಾನೆ ಉಳಿದೀತೆಂದು ನಂಬಿದಂತಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ತೆರಿಗೆ ಲೆಕ್ಕಪರಿಶೋಧನಾ ವರದಿಗೆ ಸೆಪ್ಟೆಂಬರ್ 30ರ ಗಡುವು ಹತ್ತಿರವಾಗಿತ್ತು. ನನ್ನ ಕಕ್ಷಿದಾರರೊಬ್ಬರ ಅಕ್ಕಿ ಗಿರಣಿಯಲ್ಲಿ ಗಣಕಯಂತ್ರದ ಡಿಸ್ಕ್ ಒಂದು ಬೆಳಗ್ಗೆ ಏಳಲೇ ಇಲ್ಲ. ಅದೃಷ್ಟವಶಾತ್ ಪರಿಶೋಧನೆಗೆಂದು ತಂದಿದ್ದ ಟ್ಯಾಲಿಯ ಪ್ರತಿ ನಮ್ಮ ಕಚೇರಿಯಲ್ಲಿತ್ತು. ಆ ಬಳಿಕದ ನಮೂದುಗಳನ್ನು ಬಿಲ್ಲುಗಳಿಂದ ತುಂಬಿ ಎರಡು ದಿನಗಳಲ್ಲಿ ಖಾತೆಯನ್ನು ಸರಿಪಡಿಸಿದೆವು. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಮಾಲೀಕರು ಹೇಳಿದರು: "ಲೆಕ್ಕ ಬಂತು ಸರ, ಲಾರಿ ಗೇಟ್‌ನಾಗೇ ನಿಂತಾವಲ್ರೀ." ತೂಕದ ಕಟ್ಟೆಯ ತಂತ್ರಾಂಶವೂ ಅದೇ ಡಿಸ್ಕಿನಲ್ಲಿತ್ತು. ಅದನ್ನು ಅಳವಡಿಸಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಸಿ.ಡಿ. ಎಲ್ಲಿದೆಯೆಂದು ಯಾರಿಗೂ ತಿಳಿಯದು. ಹತ್ತು ಹನ್ನೊಂದು ದಿನ ಚೀಟಿಯಲ್ಲಿ ತೂಕ ಬರೆದು, ಲಾರಿಯವರೊಂದಿಗೆ ಜಗಳವಾಡಿ, ಕೊನೆಗೆ ಹೊಸ ತಂತ್ರಾಂಶವನ್ನೇ ಖರೀದಿಸಬೇಕಾಯಿತು. ಪ್ರತಿವರ್ಷ ಆ ಗಿರಣಿಯ ದಾಸ್ತಾನನ್ನು ಪರಿಶೀಲಿಸುತ್ತಿದ್ದ ನಾನು ಬ್ಯಾಕಪ್ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಆದ್ದರಿಂದ ಟ್ಯಾಲಿಯ ದತ್ತಾಂಶವನ್ನಷ್ಟೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಕೆಂಬ ನಮ್ಮ ಊರಿನ ರೂಢಿ ಅರ್ಧ ಮಾತ್ರ ಸರಿ. ಖಾತೆ ಮರಳಿ ಬರಬಹುದು, ವ್ಯವಹಾರ ನಡೆಸುವ ಯಂತ್ರ ಮರಳದು. ಇಡೀ ಡಿಸ್ಕಿನ ಪ್ರತಿಯೇ ಬೇಕು. ಸಿ ಡ್ರೈವ್‌ನ ಕಡತಗಳನ್ನೆಲ್ಲ ಆರಿಸಿ ಇನ್ನೊಂದೆಡೆ ನಕಲಿಸಿದರೆ ಇದು ಆಗುವುದಿಲ್ಲ. ವಿಂಡೋಸ್ ಬಳಸುತ್ತಿರುವ ಕಡತಗಳೂ ಯಂತ್ರವನ್ನು ಚಾಲೂ ಮಾಡುವ ಗುಪ್ತ ಭಾಗಗಳೂ ಅದರಲ್ಲಿ ಬರುವುದಿಲ್ಲ.

ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಕ್ಲೋನ್ ಎಂದರೆ ಇನ್ನೊಂದು ಡಿಸ್ಕನ್ನೇ ಮೂಲದ ತದ್ರೂಪಾಗಿಸುವುದು. ಕೆಟ್ಟದ್ದನ್ನು ತೆಗೆದು ಇದನ್ನು ಜೋಡಿಸಿದರೆ ಅಂದೇ ಅಂಗಡಿ ನಡೆಯುತ್ತದೆ. ಇಮೇಜ್ ಎಂದರೆ ಇಡೀ ಡಿಸ್ಕನ್ನು ಒಂದು ದೊಡ್ಡ ಕಡತವಾಗಿ ಕಟ್ಟಿಡುವುದು. ಮರಳಿ ಬಿಚ್ಚಲು ಕೆಲವು ಗಂಟೆಗಳು ಹಿಡಿಯುತ್ತವೆ. ಮೇಲ್ನೋಟಕ್ಕೆ ಕ್ಲೋನ್ ಆಕರ್ಷಕವಾದರೂ ನನ್ನ ಮತ ಇಮೇಜ್‌ಗೆ. ಕ್ಲೋನ್‌ನಲ್ಲಿರುವುದು ಒಂದೇ ದಿನದ ಚಿತ್ರ. ಗುಮಾಸ್ತರು ತಿಳಿಯದೆ ಒಂದು ಕಂಪನಿಯ ಖಾತೆಯನ್ನೇ ಅಳಿಸಿ, ಅದು ಮೂರು ವಾರಗಳ ನಂತರ ಗಮನಕ್ಕೆ ಬಂದರೆ, ನಿನ್ನೆಯ ಕ್ಲೋನ್‌ನಲ್ಲಿಯೂ ಆ ಖಾತೆ ಇರುವುದಿಲ್ಲ. ಇಮೇಜ್‌ಗಳಾದರೆ ಒಂದೇ ಹೊರ ಡಿಸ್ಕಿನಲ್ಲಿ ಹಲವು ವಾರಗಳವು ಉಳಿಯುತ್ತವೆ. ಮೊದಲ ಪೂರ್ಣ ಪ್ರತಿಯ ನಂತರ ಬದಲಾದ ಭಾಗವನ್ನಷ್ಟೇ ಸೇರಿಸುವ ಸೌಲಭ್ಯವೂ ಇದೆ. ಒಂದೇ ಯಂತ್ರದಲ್ಲಿ ಎರಡು ಡಿಸ್ಕುಗಳನ್ನು ಕನ್ನಡಿಯಂತೆ ಜೋಡಿಸುವ ರೇಡ್ ಪದ್ಧತಿಯನ್ನು ಕೆಲವರು ಬ್ಯಾಕಪ್ ಎಂದೇ ಮಾರುತ್ತಾರೆ. ಅಳಿಸಿದ್ದು ಅಲ್ಲಿ ಎರಡೂ ಕಡೆ ತತ್‌ಕ್ಷಣ ಅಳಿಯುತ್ತದೆ.

ಕ್ಲೌಡ್‌ನ ಮಾತು ಬಂದಾಗ ನಮ್ಮ ತರುಣ ಸದಸ್ಯರು ಉತ್ಸಾಹದಿಂದ ಮುಂದೆ ಬರುತ್ತಾರೆ. ಸ್ವಲ್ಪ ಗಣಿತ ಮಾಡೋಣ. ಸೆಕೆಂಡಿಗೆ 20 ಮೆಗಾಬಿಟ್ ಕಳುಹಿಸುವ ಸಂಪರ್ಕದಲ್ಲಿ 500 ಜಿ.ಬಿ. ಏರಿಸಲು, ಎಲ್ಲಿಯೂ ಕಡಿಯದಿದ್ದರೆ, ಸುಮಾರು 55 ಗಂಟೆಗಳು ಬೇಕು. ಕರೆಂಟು ಹೋಗಿ ಬರುವ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಇದು ಹೇಗೆಂದು ಓದುಗರೇ ಊಹಿಸಬಹುದು. ದಿನದಿನದ ಟ್ಯಾಲಿ ದತ್ತಾಂಶಕ್ಕೆ ಕ್ಲೌಡ್ ಉತ್ತಮ, ಇಡೀ ಡಿಸ್ಕಿಗೆ ಹೊರ ಡಿಸ್ಕೇ ವಾಸಿ.

ಕಾನೂನಿನ ಕಡೆಯಿಂದಲೂ ಸಡಿಲವಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ನಿಯಮ 57 ವಿದ್ಯುನ್ಮಾನ ದಾಖಲೆಗಳಿಗೆ ಸರಿಯಾದ ಬ್ಯಾಕಪ್ ಇರಬೇಕೆನ್ನುತ್ತದೆ. ಕಂಪನಿಗಳಿಗಂತೂ 2022ರ ಆಗಸ್ಟ್ ತಿದ್ದುಪಡಿಯ ನಂತರ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ, ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಆಗಬೇಕು. ಡಿಸ್ಕ್ ಕೆಟ್ಟಿತೆಂಬ ಉತ್ತರವನ್ನು ನೋಟಿಸು ಕೊಟ್ಟ ಅಧಿಕಾರಿ ಒಪ್ಪಬೇಕೆಂದೇನಿಲ್ಲ.

ಉಪಕರಣಗಳ ವಿಚಾರ. ವಿಂಡೋಸ್‌ನೊಳಗೇ ಇರುವ ಹಳೆಯ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಮುಂದೆ ಬೆಳೆಸುವುದಿಲ್ಲವೆಂದು ಮೈಕ್ರೋಸಾಫ್ಟ್ 2017ರಲ್ಲಿಯೇ ತಿಳಿಸಿದೆ. ಅನೇಕರು ನೆಚ್ಚಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಆರಂಭದಲ್ಲಿ ಬೆಂಬಲ ನಿಂತಿತು. ಕ್ಲೋನ್‌ಜಿಲ್ಲಾ ಉಚಿತ ಮತ್ತು ಸಮರ್ಥ; ಆದರೆ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಇರುವುದೂ ಹೋಗುತ್ತದೆ. ಅಭ್ಯಾಸವಿಲ್ಲದವರು ಹಣ ಕೊಟ್ಟು ಒಂದು ತಂತ್ರಾಂಶವನ್ನು ಕೊಳ್ಳುವುದೇ ಲೇಸು. ತೂಕದ ಕಟ್ಟೆಯಲ್ಲಿ ಹತ್ತು ದಿನ ಕಳೆದುಕೊಂಡವರಿಗೆ ಆ ಬೆಲೆ ಭಾರವೆನಿಸದು.

ಹೊರ ಡಿಸ್ಕುಗಳು ಎರಡಿರಲಿ, ವಾರಕ್ಕೊಂದರಂತೆ ಬದಲಾಗಲಿ, ಪ್ರತಿ ಮುಗಿದೊಡನೆ ಯಂತ್ರದಿಂದ ಕಳಚಲಿ. 2017ರ ಮೇ ತಿಂಗಳಿನಲ್ಲಿ ಜಗತ್ತನ್ನೇ ಕಾಡಿದ ವನ್ನಾಕ್ರೈ ಮಾದರಿಯ ಸುಲಿಗೆ ವೈರಸ್ಸುಗಳು ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ಬೀಗ ಹಾಕುತ್ತವೆ. ಎರಡನೆಯದು ಬೇರೆ ಕಟ್ಟಡದಲ್ಲಿರಬೇಕು. ಈ ವಿಷಯದಲ್ಲಿ ನಾವು ಭಾಗ್ಯವಂತರು: ಮಂಡಿಪೇಟೆಯಲ್ಲಿ ಅಂಗಡಿ, ಹರಿಹರದಲ್ಲಿ ಘಟಕ ಅಥವಾ ಬೀಗರ ಮನೆ ಇರುವವರು ನಮ್ಮಲ್ಲಿ ಬಹಳ. ಹರಿಹರದಲ್ಲಿ ಇಡುವವರು ಮಾತ್ರ ತುಂಗಭದ್ರೆಯನ್ನು ನೆನೆದು ಮಹಡಿಯ ಮೇಲಿಡಲಿ. ಪ್ಯಾನ್, ಬ್ಯಾಂಕು, ಗಿರಾಕಿಗಳ ವಿವರವೆಲ್ಲ ಅದರಲ್ಲಿರುವುದರಿಂದ ಇಮೇಜ್‌ಗೆ ಪಾಸ್‌ವರ್ಡ್ ಅಗತ್ಯ. ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಬೇಕು.

ಆ ಗಿರಣಿಯ ಮಾಲೀಕರು ಈಗ ಶನಿವಾರ ಸಂಜೆ ಒಂದು ಡಿಸ್ಕನ್ನು ಕೈಚೀಲದಲ್ಲಿ ಹರಿಹರದ ಮಗಳ ಮನೆಗೆ ಒಯ್ಯುತ್ತಾರೆ. ಹಿಂದಿನ ದೀಪಾವಳಿಯಲ್ಲಿ ಹೊಸ ಖಾತೆಯ ಪೂಜೆ ಮುಗಿದ ಮರುದಿನ, ಬೇರೊಂದು ಖಾಲಿ ಡಿಸ್ಕಿನ ಮೇಲೆ ಇಮೇಜನ್ನು ಬಿಚ್ಚಿ ನೋಡಿದೆವು. ಮೂರು ಗಂಟೆ ಹಿಡಿಯಿತು. ಟ್ಯಾಲಿ ತೆರೆಯಿತು, ತೂಕದ ತಂತ್ರಾಂಶವೂ ತೆರೆಯಿತು. ಪ್ರಿಂಟರ್ ಮಾತ್ರ ಸಂಜೆಯವರೆಗೆ ಹಠ ಹಿಡಿಯಿತು.