ಪುನರ್ವಸತಿಯೂ ಊರಿನ ಹೆಣ್ಣುಮಕ್ಕಳೂ

ಪ್ರಕೃತಿಯು ಮುನಿದಾಗ ಸರಕಾರಕ್ಕೆ ಮೊದಲು ನೆನಪಾಗುವವರು ಇಂಜಿನಿಯರರು, ಆ ಬಳಿಕ ಗುತ್ತಿಗೆದಾರರು, ಕಟ್ಟಕಡೆಗೆ ಊರಿನ ಪ್ರಮುಖರು. ಊರಿನ ಹೆಣ್ಣುಮಕ್ಕಳು ನೆನಪಾಗುವದು ಗಂಜಿಕೇಂದ್ರದ ಮುಂದೆ ಪಾತ್ರೆ ಹಿಡಿದು ನಿಂತ ಛಾಯಾಚಿತ್ರಕ್ಕಾಗಿ ಮಾತ್ರ. ಈ ಪದ್ಧತಿಯು ತಪ್ಪೆಂಬದನ್ನು ನಮ್ಮ ಗಡಿಗೆ ಹೊಂದಿಕೊಂಡಿರುವ ಮರಾಠವಾಡೆಯ ಸ್ತ್ರೀಯರು ಮೂವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಆ ಪಾಠವು ನಮ್ಮ ಅಧಿಕಾರಿಗಳ ಕಿವಿಗೆ ಇನ್ನೂ ಬಿದ್ದಂತಿಲ್ಲವೆಂದು ಖೇದದಿಂದ ಹೇಳಬೇಕಾಗಿದೆ.

1993ನೆಯ ಇಸವಿಯ ಸೆಪ್ಟೆಂಬರ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ಉತ್ಸವವನ್ನು ಮುಗಿಸಿ ಜನರು ಗಾಢನಿದ್ರೆಯಲ್ಲಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಣ ನೆಲವು ನಡುಗಿತು. ನಾಲ್ಕು ಗಂಟೆ ಹೊಡೆಯುವ ಮುನ್ನವೇ ಲಾತೂರು, ಉಸ್ಮಾನಾಬಾದ ಜಿಲ್ಲೆಗಳ ಎಷ್ಟೋ ಊರುಗಳು ಮಣ್ಣುಗೂಡಿದವು. ಸತ್ತವರ ಸಂಖ್ಯೆಯು ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಜಗತ್ತಿನ ಮಹಾಭೂಕಂಪಗಳ ಸಾಲಿಗೆ ಸೇರತಕ್ಕ ಕಂಪವೇನೂ ಅದಾಗಿರಲಿಲ್ಲ. ಜನರನ್ನು ಕೊಂದದ್ದು ಅವರ ಮನೆಗಳೇ. ಬರಿಯ ಕೆಸರಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಬಿಸಿಲು ಮಳೆಗಳಿಗೆಂದು ಹೇರಿದ ಮಣ್ಣಿನ ಮೇಲ್ಮುದ್ದೆ! ಬೀದರ, ಕಲಬುರ್ಗಿಗಳ ನಮ್ಮ ವಾಚಕರಿಗೆ ಅಂಥ ಮನೆಯನ್ನು ವರ್ಣಿಸಿ ಹೇಳುವ ಅವಶ್ಯಕತೆಯಿಲ್ಲ. ಅವರಲ್ಲಿ ಅನೇಕರು ಹುಟ್ಟಿ ಬೆಳೆದದ್ದು ಅದರಲ್ಲಿಯೇ.

ತೀರ ನಾಶವಾದ 52 ಗ್ರಾಮಗಳನ್ನು ಬೇರೆಡೆಗೆ ಕಟ್ಟಿಕೊಡಲಾಯಿತು. ಆದರೆ ನಿಜವಾದ ತೊಡಕು ಇದ್ದದ್ದು ಬಿರುಕುಬಿಟ್ಟೂ ನಿಂತಿದ್ದ ಸುಮಾರು ಎರಡು ಲಕ್ಷ ಮನೆಗಳಲ್ಲಿ. ಸಾವಿರಕ್ಕೂ ಮಿಕ್ಕಿದ ಗ್ರಾಮಗಳಲ್ಲಿ ಹರಡಿದ್ದ ಈ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸಬೇಕೆಂದು ಸರಕಾರವು ವಿಶ್ವಬ್ಯಾಂಕಿನ ಸಾಲದಿಂದ ಯೋಜನೆ ಹಾಕಿತು. ಗೋಡೆಯ ಎರಡೂ ಮೈಗಳನ್ನು ಹಿಡಿದು ನಿಲ್ಲುವ ಉದ್ದ ಕಲ್ಲನ್ನು ಸೇರಿಸುವದು, ಮೂಲೆಗಳನ್ನು ಬಿಗಿಯುವದು, ಛಾವಣಿಯ ಭಾರವನ್ನಿಳಿಸುವದು, ಇಷ್ಟೇ ಅದರ ತಿರುಳು. ಜನರಿಗಾದರೋ ಕಲ್ಲೆಂದರೆ ಭೀತಿ. ಹಳೆಯ ಗೋಡೆಯ ಮಗ್ಗುಲಲ್ಲಿ ಮಲಗಲು ಯಾರೂ ಸಿದ್ಧರಿರಲಿಲ್ಲ; ಹೊಸ ಮನೆಯನ್ನೇ ಕೊಡಿರೆಂದು ಹಟ ಹಿಡಿದರು. ಕಛೇರಿಯ ಕಾಗದಗಳಿಂದ ಈ ಭೀತಿಯು ಹೋಗತಕ್ಕದ್ದಾಗಿರಲಿಲ್ಲ.

ಆಗ ದಿವಂಗತ ಪ್ರೇಮಾ ಗೋಪಾಲನ್ ಅವರು ಕಟ್ಟಿದ ‘ಸ್ವಯಂ ಶಿಕ್ಷಣ ಪ್ರಯೋಗ’ವೆಂಬ ಸಂಸ್ಥೆಯು ಜನರನ್ನು ಕಾರ್ಯದೊಳಗೆ ತರುವ ಹೊಣೆಯನ್ನು ಹೊತ್ತಿತು. ಗ್ರಾಮಗ್ರಾಮದ ಮಹಿಳಾ ಮಂಡಲಗಳಿಂದ ಸ್ತ್ರೀಯರನ್ನಾರಿಸಿ ‘ಸಂವಾದ ಸಹಾಯಕ’ರೆಂದು ನಿಯಮಿಸಲಾಯಿತು. ಅವರಲ್ಲಿ ತರುಣಿಯರಿದ್ದರು, ಗ್ರಾಮಸಭೆಯಲ್ಲಿ ಅದುವರೆಗೆ ಬಾಯಿ ತೆರೆಯದ ಸೊಸೆಯಂದಿರಿದ್ದರು. ಯಾರಿಗೆ ಎಷ್ಟು ಹಣ, ಯಾವ ಕಂತಿನಲ್ಲಿ, ಯಾವ ಕೆಲಸಕ್ಕಾಗಿ ಎಂಬದನ್ನು ಮನೆಮನೆಗೆ ಹೋಗಿ ತಿಳಿಸಿದವರು ಅವರೇ. ಇಂಜಿನಿಯರನ ಮಾತನ್ನು ಮನೆಯೊಡತಿಗೂ ಮನೆಯೊಡತಿಯ ದೂರನ್ನು ಇಂಜಿನಿಯರನಿಗೂ ಮುಟ್ಟಿಸಿದವರು ಅವರೇ. ಗೌಂಡಿಯು ಉದ್ದ ಕಲ್ಲನ್ನು ಇಟ್ಟನೋ ಇಲ್ಲವೋ ಎಂಬದನ್ನು ದಿನವೂ ಮನೆಯಲ್ಲಿರುವ ಹೆಂಗಸಿನಷ್ಟು ಚೆನ್ನಾಗಿ ಯಾವ ಮೇಲ್ವಿಚಾರಕನು ಕಂಡಾನು? ಒಲೆಯೆಲ್ಲಿರಬೇಕು, ಕಿಟಕಿಯೆಲ್ಲಿರಬೇಕು ಎಂಬ ವಿಷಯದಲ್ಲಿ ಗಂಡಸರು ಇವರ ಮಾತನ್ನು ಕೇಳಿದ್ದರೆ ನಮ್ಮ ದೇಶದ ಅರ್ಧ ಮನೆಗಳು ಹೊಗೆಯಿಂದ ಪಾರಾಗುತ್ತಿದ್ದವೆಂಬದು ಬೇರೆಯ ಮಾತು.

ಇನ್ನೂ ಶ್ಲಾಘ್ಯವಾದ ಸಂಗತಿಯೆಂದರೆ, ಕೆಲಸ ತೀರಿದ ಮೇಲೆ ಇವರು ಹೊಸ್ತಿಲ ಒಳಗೆ ಮರಳಿ ಹೋಗಲಿಲ್ಲ. ಉಳಿತಾಯದ ಗುಂಪುಗಳನ್ನು ಕಟ್ಟಿಕೊಂಡರು. 2001ರ ಜನವರಿ 26ರಂದು ಕಚ್ಛದಲ್ಲಿ ಭೂಮಿಯು ಬಿರಿದಾಗ ಲಾತೂರಿನ ಭಗಿನಿಯರೇ ಅಲ್ಲಿಗೆ ಹೋಗಿ, ತಾವು ಕಲಿತದ್ದನ್ನು ಅಲ್ಲಿಯ ಸ್ತ್ರೀಯರಿಗೆ ಹೇಳಿಕೊಟ್ಟರು. 2004ರ ಸಮುದ್ರ ಪ್ರಳಯದ ಅನಂತರ ಆ ಅನುಭವವು ತಮಿಳುನಾಡಿನ ತೀರಕ್ಕೂ ಮುಟ್ಟಿತು. ಸಂತ್ರಸ್ತಳೆನಿಸಿಕೊಂಡವಳು ಎಂಟು ವರ್ಷಗಳಲ್ಲಿ ಗುರುವಾಗಿ ಪರಪ್ರಾಂತಕ್ಕೆ ಹೋದ ಉದಾಹರಣೆಗಳು ನಮ್ಮ ಪುನರ್ವಸತಿಯ ಇತಿಹಾಸದಲ್ಲಿ ಹೆಚ್ಚಾಗಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೇವೆಯೆಂಬ ಹೆಸರಿನಿಂದ ಸ್ತ್ರೀಯರ ತಲೆಯ ಮೇಲೆ ದುಡಿಮೆಯನ್ನು ಹೊರಿಸಿ, ಹಣವನ್ನೂ ಹಕ್ಕುಪತ್ರವನ್ನೂ ಗಂಡಸರ ಕೈಯಲ್ಲಿಟ್ಟುಕೊಳ್ಳುವ ಚಾತುರ್ಯವು ನಮ್ಮಲ್ಲಿ ಹೊಸದಲ್ಲ. ಹೊಣೆಗೆ ತಕ್ಕ ಸಂಭಾವನೆಯೂ, ಮನೆಯ ಪತ್ರದಲ್ಲಿ ಹೆಂಡತಿಯ ಹೆಸರೂ ಇಲ್ಲದಿದ್ದರೆ ಇದು ಇನ್ನೊಂದು ಬಗೆಯ ಬಿಟ್ಟಿಯೇ ಆದೀತು.

ನಮ್ಮಲ್ಲಿ ಆದದ್ದೇನು? 2009ರ ನೆರೆಯ ತರುವಾಯ ಉತ್ತರ ಕರ್ನಾಟಕದಲ್ಲಿ ‘ಆಸರೆ’ಯ ಹೆಸರಿನಿಂದ ಮನೆಗಳೆದ್ದವು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಜನರು ಹೋಗಲೇ ಇಲ್ಲ. ದನ ಕಟ್ಟುವ ಜಾಗವಿಲ್ಲದ, ಹೊಲದಿಂದ ದೂರವಾದ ಮನೆಗೆ ಒಕ್ಕಲಿಗಿತ್ತಿಯು ಏಕೆ ಹೋದಾಳು? ಅವಳನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದಳು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರಲ್ಲಿ ಕೃಷ್ಣೆ, ಮಲಪ್ರಭೆಗಳು ಮತ್ತೆ ದಂಡೆಯನ್ನು ಮೀರಿದವು. ನಮ್ಮ ಗ್ರಾಮ ಪಂಚಾಯತಿಗಳ ಅರ್ಧದಷ್ಟು ಸ್ಥಾನಗಳು ಕಾಯದೆಯಿಂದಲೇ ಸ್ತ್ರೀಯರವು. ಸ್ತ್ರೀಶಕ್ತಿ ಸಂಘಗಳು ಊರೂರಿಗೂ ಇವೆ. ಮುಂದಿನ ಮಳೆಗಾಲಕ್ಕೆ ಮೊದಲೇ ಕೃಷ್ಣಾ, ಭೀಮಾ ತೀರದ ಪ್ರತಿಯೊಂದು ಗ್ರಾಮದಲ್ಲಿ ಇಬ್ಬರು ಸ್ತ್ರೀಯರನ್ನು ಸಂಬಳ ಸಹಿತ ಈ ಕಾರ್ಯಕ್ಕೆ ನಿಯಮಿಸಿ, ಹಾನಿಯ ಪಟ್ಟಿಯನ್ನು ಬರೆಯುವ ಪುಸ್ತಕವನ್ನು ಅವರ ಕೈಗೆ ಕೊಡಬೇಕೆಂದು ನಾವು ಸರಕಾರವನ್ನು ಆಗ್ರಹಪೂರ್ವಕವಾಗಿ ಕೇಳುತ್ತೇವೆ.